ಜನಾಂಗೀಯ ಮಾತಾಡಿದ ಸಂಸದನನ್ನು ಅಮೆರಿಕದ ಪಕ್ಷಗಳು ಕಿತ್ತುಹಾಕಬಹುದಾ?

ಪ್ರಶ್ನೆ: ಖಂಡನೆಯ ಹೇಳಿಕೆ ಬಿಟ್ಟು ಪಕ್ಷದ ಕೈಯಲ್ಲಿ ನಿಜವಾಗಿ ಏನಿದೆ?

ಉತ್ತರ 1: ಸಂಸತ್ ಸದಸ್ಯತ್ವ ಕಿತ್ತುಕೊಳ್ಳೋಕೆ ಪಕ್ಷಕ್ಕಾಗಲ್ಲ, ಉಚ್ಚಾಟನೆಗೆ ಸದನದ ಮೂರನೇ ಎರಡರಷ್ಟು ಮತ ಬೇಕು. ವಾಗ್ದಂಡನೆಗೆ (ಸದನವೇ ಅಧಿಕೃತವಾಗಿ ಛೀಮಾರಿ ಹಾಕೋದು) ಸರಳ ಬಹುಮತ ಸಾಕು, ಆದರೆ ಕುರ್ಚಿ ಹೋಗಲ್ಲ. ಪಕ್ಷದ ನಿಜವಾದ ಅಸ್ತ್ರ ಸದನದ ಸಮಿತಿಗಳಲ್ಲಿನ ಸ್ಥಾನ. 'ಬಿಳಿಯರ ಶ್ರೇಷ್ಠತೆ' ಎಂಬ ಪದ ಯಾವಾಗಿಂದ ಆಕ್ಷೇಪಾರ್ಹವಾಯ್ತು ಅಂತ ಐಯೋವಾದ ರಿಪಬ್ಲಿಕನ್ ಸಂಸದ ಸ್ಟೀವ್ ಕಿಂಗ್ ಕೇಳಿದ್ದಕ್ಕೆ, 2019ರ ಜನವರಿಯಲ್ಲಿ ರಿಪಬ್ಲಿಕನ್ನರು ಅದನ್ನೇ ಕಿತ್ತುಕೊಂಡರು. ಮೆಕ್ಕೆಜೋಳದ ರಾಜ್ಯದವನಿಗೆ ಕೃಷಿ ಸಮಿತಿಯೇ ಇಲ್ಲ! 2020ರ ಪ್ರೈಮರಿಯಲ್ಲಿ (ಪಕ್ಷದ ಅಭ್ಯರ್ಥಿಯನ್ನು ಆರಿಸೋ ಚುನಾವಣೆ) ಎದುರಾಳಿ ಹಿಡಿದದ್ದೂ ಇದನ್ನೇ, ಕಿಂಗ್ ಸೋತರು.

ಉತ್ತರ 2: ನಾಯಕತ್ವ ಕಸಿಯೋದೂ ಒಂದು ದಾರಿ. 1948ರಲ್ಲಿ ವರ್ಣಪ್ರತ್ಯೇಕತೆ ಪರ ಅಧ್ಯಕ್ಷಗಿರಿಗೆ ನಿಂತಿದ್ದ ಸೆನೆಟರ್ ಸ್ಟ್ರೋಮ್ ಥರ್ಮಂಡ್‌ರನ್ನು ಹೊಗಳಿ, 2002ರಲ್ಲಿ ಟ್ರೆಂಟ್ ಲಾಟ್ ಸೆನೆಟ್‌ನ ರಿಪಬ್ಲಿಕನ್ ನಾಯಕತ್ವ ಬಿಡಬೇಕಾಯ್ತು. ಸೆನೆಟರ್ ಆಗಿ ಉಳಿದರು ಅನ್ನಿ.

ಉತ್ತರ 3: ಗವರ್ನರ್ ಆದರೆ ಇದ್ಯಾವುದೂ ನಡೆಯಲ್ಲ. 2019ರಲ್ಲಿ ವರ್ಜೀನಿಯಾ ಗವರ್ನರ್ ರಾಲ್ಫ್ ನಾರ್ಥಮ್ ಅವರ ಹಳೇ ಕಾಲೇಜು ವಾರ್ಷಿಕ ಪುಸ್ತಕದ ಪುಟದಲ್ಲಿ ಕರಿಯರನ್ನು ಅಣಕಿಸೋ ಮಸಿಮುಖದ ಫೋಟೋ ಸಿಕ್ಕಾಗ, ಸ್ವಪಕ್ಷ ಡೆಮಾಕ್ರಟರೇ ರಾಜೀನಾಮೆ ಕೇಳಿದರು. ಅವರು ಅವಧಿ ಮುಗಿಸಿಯೇ ಇಳಿದರು.