ಮಕ್ಕಳ ಜೊತೆ ಸಫಾರಿ: ಹೋಗಿ ಬಂದವರು ಸ್ವಲ್ಪ ಹೇಳಿ

ಕೇಳಿದವರು: ತುಮಕೂರು, ಬಟವಾಡಿ

ದಸರಾ ರಜೆಗೆ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗೋಣ ಅಂತಿದ್ದೇವೆ. ದೊಡ್ಡವನಿಗೆ ಒಂಬತ್ತು, ಚಿಕ್ಕವಳಿಗೆ ನಾಲ್ಕು. ಜೊತೆಗೆ ಅತ್ತೆ ಬರುತ್ತಾರೆ, ಅವರಿಗೆ ಮಂಡಿ ನೋವು. ಇರುವುದು ಮೂರು ದಿನ. ಮಗನಿಗೆ ಹುಲಿ ಬಿಟ್ಟು ಬೇರೇನೂ ಬೇಡ. ಮನೆಯವರು ಬಂಡೀಪುರ ಅಂತ ಹಟ ಹಿಡಿದಿದ್ದಾರೆ. ಅಷ್ಟು ದೂರ ಕಾರಿನಲ್ಲಿ ಚಿಕ್ಕವಳು ತಡೆದುಕೊಳ್ಳುತ್ತಾಳಾ ಅನ್ನೋದು ನನ್ನ ಯೋಚನೆ. ಕುಣಿಗಲ್ ದಾಟುವುದರೊಳಗೆ ವಾಂತಿ ಮಾಡುವ ಮಗು ಅದು. ಚೆನ್ನಾಗಿತ್ತು ಅನ್ನೋದರ ಜೊತೆ ಏನೇನು ಎಡವಟ್ಟಾಯಿತು ಅಂತಲೂ ಹೇಳಿ.

ತುಮಕೂರು, ಎಸ್‌ಐಟಿ ಬಡಾವಣೆಯಿಂದ

ಎಡವಟ್ಟು ಕೇಳಿದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ನಾವು ಬಂಡೀಪುರಕ್ಕೆ ಹೋದಾಗ ಮಗಳಿಗೆ ಐದು, ಮಗನಿಗೆ ಹತ್ತು. ನೆಟ್‌ನಲ್ಲಿ ಫೋಟೋ ನೋಡಿ ಒಂದು ಹೋಂಸ್ಟೇ ಹಿಡಿದೆ. ಫೋನಿನಲ್ಲಿ "ಸಫಾರಿ ಎಲ್ಲಾ ನಾವೇ ಮಾಡಿಸ್ತೀವಿ ಸಾರ್" ಅಂದರು. ಹೋದ ಮೇಲೆ ಗೊತ್ತಾಯಿತು, ಅವರ ಸಫಾರಿ ಅಂದರೆ ಅವರದೇ ಜೀಪಿನಲ್ಲಿ ಹಳ್ಳಿ ರಸ್ತೆಯ ಮೇಲೆ ಒಂದು ಸುತ್ತು. ಮೂರು ನವಿಲು, ಒಂದು ಮಂದೆ ಎಮ್ಮೆ. "ಅಪ್ಪ, ಇವು ತಾತನ ಊರಲ್ಲೂ ಇವೆ" ಅಂದ ಮಗ. ನನಗೆ ಉತ್ತರ ಇರಲಿಲ್ಲ. ಕಾಡಿನೊಳಗೆ ಸಫಾರಿ ನಡೆಸುವುದು ಅರಣ್ಯ ಇಲಾಖೆ ಮತ್ತು ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನವರು. ಇಲಾಖೆಯ ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಮೊದಲು ಸಫಾರಿ ಟಿಕೆಟ್, ಆಮೇಲೆ ರೂಮು. ಉಲ್ಟಾ ಮಾಡಬೇಡಿ.

ಸಫಾರಿ ನಡೆಯುತ್ತಿದೆಯಾ ಅಂತಲೂ ಕೇಳಿಕೊಳ್ಳಿ. 2025ರ ನವೆಂಬರಿನಲ್ಲಿ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ನಮ್ಮ ಪಕ್ಕದ ಮನೆಯವರು ರೂಮಿಗೆ ಮುಂಗಡ ಕಟ್ಟಿ ಕೂತಿದ್ದರು. ಕೊನೆಗೆ ಮೈಸೂರು ಝೂ ನೋಡಿಕೊಂಡು ಬಂದರು. ಅದೂ ಮಂಗಳವಾರ ರಜೆ, ನೆನಪಿರಲಿ.

ಇನ್ನು ಬಸ್ಸಾ ಜೀಪಾ ಅನ್ನೋ ಪ್ರಶ್ನೆ. ಎಲ್ಲರೂ ಜೀಪು ಅಂತಾರೆ. ನಿಮ್ಮ ಅತ್ತೆ ಇರುವುದರಿಂದ ನಾನು ಬಸ್ಸೇ ಅನ್ನುತ್ತೇನೆ. ಜೀಪಿನ ಮೆಟ್ಟಿಲು ಎತ್ತರ, ಮಂಡಿ ನೋವಿನವರಿಗೆ ಹತ್ತುವುದೇ ಒಂದು ಸಾಹಸ. ಒಳಗೆ ಕುಲುಕಾಟ ಬೇರೆ. ಬಸ್ಸಿನ ಸಫಾರಿ ಸಣ್ಣದು, ಒಂದು ಗಂಟೆ ಆಸುಪಾಸು. ನಾಲ್ಕು ವರ್ಷದ ಮಗು ಸುಮ್ನೆ ಕೂರುವುದು ಅಷ್ಟೇ ಹೊತ್ತು ಅಲ್ವಾ? ನಾವು ಹಟ ಮಾಡಿ ಜೀಪು ಹತ್ತಿದೆವು. ಅರ್ಧ ದಾರಿಯಲ್ಲಿ ಮಗಳು "ಅಮ್ಮ, ಸುಸ್ಸು" ಅಂದಳು. ಕಾಡಿನಲ್ಲಿ ಕೆಳಗೆ ಇಳಿಸುವ ಹಾಗಿಲ್ಲ. ಡ್ರೈವರ್ ಪಾಪ ಒಳ್ಳೆಯವನು, ಆದರೆ ಅವನೇನು ಮಾಡಿಯಾನು? ಆಮೇಲಿನ ಮುಕ್ಕಾಲು ಗಂಟೆ ನನ್ನ ಹೆಂಡತಿ ಕಾಡು ನೋಡಲಿಲ್ಲ, ಮಗಳ ಮುಖ ನೋಡುತ್ತಾ ಕೂತಿದ್ದಳು. ಹತ್ತುವ ಮುಂಚೆ ಬೇಡ ಅಂದರೂ ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ. ಅರ್ಧ ಗಂಟೆ ಮುಂಚೆಯಿಂದ ಜ್ಯೂಸು ಗೀಸು ಬಂದ್.

ಮಾರನೇ ದಿನ ಬೆಳಿಗ್ಗೆ ಬಸ್ಸು. ಚಳಿ ಅಂದರೆ ಚಳಿ, ಸ್ವೆಟರ್ ಕಾರಿನ ಡಿಕ್ಕಿಯಲ್ಲಿ ಉಳಿದಿತ್ತು. ಹುಲಿ ಬರಲಿಲ್ಲ. ಬಂದಿದ್ದು ಸೀಳುನಾಯಿಗಳು, ಆರೋ ಏಳೋ. ಕೆಂಚು ಮೈ, ಕಪ್ಪು ಬಾಲ. ರಸ್ತೆ ಪಕ್ಕದಲ್ಲೇ ಎರಡು ಮರಿಗಳು ಒಂದು ಜಿಂಕೆ ಚರ್ಮದ ಚೂರನ್ನು ಆ ಕಡೆ ಈ ಕಡೆ ಎಳೆದಾಡುತ್ತಿದ್ದವು, ನಮ್ಮ ಮನೆ ನಾಯಿ ಚಪ್ಪಲಿ ಎಳೆದಾಡುವ ಹಾಗೆ. ಬಸ್ಸಿನಲ್ಲಿ ಮೂವತ್ತು ಜನ, ಒಂದು ಪಿಸುಮಾತಿಲ್ಲ. ಹಿಂದಿನ ಸೀಟಿನವರು "ಅಯ್ಯೋ ನಾಯಿನಾ, ಹುಲಿ ಎಲ್ಲಿ" ಅಂದ ಮೇಲೆ ಮಗ ತಿರುಗಿ ನೋಡಿದ ನೋಟ ಈಗಲೂ ನೆನಪಿದೆ.

ಅದಕ್ಕೆ ಕಾರಣ ನನ್ನ ಹೆಂಡತಿಯ ಒಂದು ಉಪಾಯ. ಮನೆಯಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದು ಅಂಕ ಕೊಟ್ಟಿದ್ದಳು. ಚುಕ್ಕೆ ಜಿಂಕೆಗೆ ಒಂದು, ಮುಸುವಕ್ಕೆ ಒಂದು, ಕಡವೆಗೆ ಮೂರು, ಕಾಟಿಗೆ ನಾಲ್ಕು, ಮುಂಗುಸಿಗೆ ಐದು, ಸೀಳುನಾಯಿಗೆ ಹತ್ತು. ಹುಲಿಯೂ ಹತ್ತೇ. ಒಬ್ಬರೇ ನೋಡಿದ ಮುಂಗುಸಿಗೆ ಅಂಕ ಕೊಡಬೇಕಾ ಬೇಡವಾ ಅಂತ ಗುಂಡ್ಲುಪೇಟೆ ಬರುವ ತನಕ ಜಗಳ. ಹುಲಿ ಹುಲಿ ಅನ್ನೋ ಜಪ ಮಾತ್ರ ನಿಂತಿತು.

ದಸರಾ ಹೊತ್ತಿಗೆ ಮಳೆ ಬಿದ್ದು ಲಂಟಾನ ಕಳೆಗಿಡ ಗೋಡೆಯ ಹಾಗೆ ಬೆಳೆದಿರುತ್ತದೆ, ಎಲ್ಲಾ ಕಡೆ ನೀರೂ ಇರುತ್ತದೆ. ಪ್ರಾಣಿ ಕೆರೆಗೆ ಬಂದೇ ಬರಬೇಕು ಅಂತಿಲ್ಲ. ಹುಲಿಯೇ ಬೇಕು ಅಂದರೆ ಏಪ್ರಿಲ್ ವಾಸಿ. ಬಂಡೀಪುರ, ನಾಗರಹೊಳೆ ನಡುವಿನ ಕಬಿನಿ ಹಿನ್ನೀರು ಇಳಿದಾಗ ಆನೆಗಳು ಹಿಂಡು ಹಿಂಡಾಗಿ ಹುಲ್ಲಿಗೆ ಬರುವುದೂ ಆಗಲೇ. ಕಾರಿನಲ್ಲಿ ಮಕ್ಕಳ ಜೊತೆ ಬಂಡೀಪುರ ಅಂದರೆ ಐದಾರು ಗಂಟೆ ಇಟ್ಟುಕೊಳ್ಳಿ. ಒಂದೇ ಏಟಿಗೆ ಹೋಗದೆ ಮೈಸೂರಿನಲ್ಲಿ ರಾತ್ರಿ ಇಳಿದುಕೊಳ್ಳಿ. ತಡಮಾಡಿ ಹೊರಟು ಕಾಡು ದಾಟಿ ಊಟಿ ಕಡೆ ಹೋಗುವ ಯೋಚನೆ ಇದ್ದರೆ ಬಿಡಿ, ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಿಡುವುದಿಲ್ಲ.

ಮಧುಗಿರಿ ಕಡೆಯಿಂದ

ಮೇಡಂ, ನಾನು ಮೇಷ್ಟ್ರು. ಬಂಡೀಪುರಕ್ಕೆ ಹೋಗಿ, ಬೇಡ ಅನ್ನಲ್ಲ. ಅದಕ್ಕೆ ಮುಂಚೆ ಒಂದು ಭಾನುವಾರ ನಮ್ಮ ಮೈದನಹಳ್ಳಿಗೆ ಬನ್ನಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, ಮಧುಗಿರಿ ತಾಲೂಕಿನಲ್ಲೇ ಇದೆ. 798 ಎಕರೆ ಹುಲ್ಲುಗಾವಲು, 2007ರಲ್ಲಿ ಘೋಷಣೆ ಆಗಿದ್ದು. ನಮ್ಮ ಜಿಲ್ಲೆಯವರೇ ಎಷ್ಟೋ ಜನ ನೋಡಿಲ್ಲ. ಮಕ್ಕಳನ್ನು ಕರೆದುಕೊಂಡು ಹೋದರೆ "ಸಾರ್, ಇದು ಕಾಡಾ? ಮರನೇ ಇಲ್ಲ" ಅಂತಾರೆ. ಹುಲ್ಲೂ ಕಾಡೇ ಕಣಪ್ಪಾ ಅಂತ ಹೇಳಿ ಹೇಳಿ ಸಾಕಾಗಿದೆ.

ಬೆಳಿಗ್ಗೆ ಬೇಗ ಬನ್ನಿ, ಇಲ್ಲಾ ಸಂಜೆ. ಹತ್ತು ಗಂಟೆ ಮೇಲೆ ಬಿಸಿಲಿಗೆ ಏನೂ ಕಾಣಲ್ಲ. ಗಂಡು ಕಪ್ಪು, ತಿರುಚಿದ ಕೊಂಬು, ಹೊಟ್ಟೆ ಬಿಳಿ. ಹೆಣ್ಣು ಕಂದು ಬಣ್ಣ, ಕೊಂಬಿಲ್ಲ. ಹೆದರಿದಾಗ ಒಂದು ನೆಗೆದರೆ ಹಿಂದಿನವೂ ಅದೇ ಜಾಗದಲ್ಲಿ ನೆಗೆಯುತ್ತವೆ, ಅಲ್ಲೇನೋ ಬೇಲಿ ಇದೆಯೇನೋ ಅನ್ನೋ ಹಾಗೆ. ಫೋಟೋಗೆ ಅಂತ ಕಾರಿನಲ್ಲಿ ಅಟ್ಟಿಸಿಕೊಂಡು ಹೋಗುವವರನ್ನು ನೋಡಿದ್ದೇನೆ, ದಯವಿಟ್ಟು ಅದು ಬೇಡ. ನೀರು, ತಿಂಡಿ ಮನೆಯಿಂದಲೇ ತನ್ನಿ.

ಬೈನಾಕ್ಯುಲರ್ ಇದ್ದರೆ ಒಂದು ವಾರ ಮುಂಚೆಯೇ ಮಗನ ಕೈಗೆ ಕೊಡಿ. ತಾರಸಿ ಮೇಲೆ ನಿಂತು ಪಕ್ಕದ ಮನೆ ಸಿಂಟೆಕ್ಸ್ ಮೇಲೆ ಕೂತ ಕಾಗೆಯನ್ನು ಹಿಡಿಯಲಿ. ಮೊದಲು ಬರಿಗಣ್ಣಲ್ಲಿ ನೋಡಬೇಕು, ಕಣ್ಣು ಕದಲಿಸದೆ ಬೈನಾಕ್ಯುಲರ್ ಎತ್ತಿಕೊಳ್ಳಬೇಕು. ಇದು ಬರದಿದ್ದರೆ ಕಾಡಿನಲ್ಲಿ "ಎಲ್ಲಿ ಎಲ್ಲಿ" ಅನ್ನೋದರಲ್ಲೇ ಪ್ರಾಣಿ ಹೊರಟುಹೋಗಿರುತ್ತದೆ.

ಶಿರಾದಿಂದ

ಕಗ್ಗಲಡುಗೆ ಹೋಗಿ ಅಂತ ಯಾರಾದರೂ ಹೇಳುತ್ತಾರೆ. ಒಳ್ಳೇ ಜಾಗ. ಊರೊಳಗಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ. ಆದರೆ ದಸರಾಕ್ಕೆ ಬೇಡ. ಬೇಸಿಗೆಯಲ್ಲಿ ಬನ್ನಿ, ಈಗ ಬಂದರೆ ಬರೀ ಹುಣಸೆ ಮರ ನೋಡಿಕೊಂಡು ಹೋಗಬೇಕು.

ಕೋಲಾರ, ಬಂಗಾರಪೇಟೆಯಿಂದ

ನಮ್ಮದು ಸ್ವಲ್ಪ ಬೇರೆ ಥರದ ಅನುಭವ. ನಮ್ಮ ತವರು ಕಾಮಸಮುದ್ರದ ಹತ್ತಿರ. ಅಲ್ಲಿ ಆನೆ ಅಂದರೆ ರಾತ್ರಿ ರಾಗಿ ಹೊಲಕ್ಕೆ ನುಗ್ಗುವುದು, ತಮಟೆ, ಪಟಾಕಿ, ಬೆಳಿಗ್ಗೆ ಎದ್ದು ತುಳಿದ ತೆನೆ ನೋಡಿ ಅಪ್ಪ ಮಾತಾಡದೆ ಕೂರುವುದು. ಮಕ್ಕಳನ್ನು ಸಫಾರಿಗೆ ಕರೆದುಕೊಂಡು ಹೋದಾಗ ಎಲ್ಲರೂ ಆನೆ ನೋಡಿ ಖುಷಿಪಟ್ಟರೆ ನನ್ನ ದೊಡ್ಡ ಮಗಳು ನನ್ನ ಕೈ ಬಿಗಿಯಾಗಿ ಹಿಡಿದಳು. ತಾತನ ಮನೆಯಲ್ಲಿ ಕೇಳಿದ್ದೆಲ್ಲ ತಲೆಯಲ್ಲಿತ್ತು. ನಿಮ್ಮ ಚಿಕ್ಕವಳಿಗೂ ಭಯ ಆಗಬಹುದು ಅಕ್ಕ. ಆಗ "ಅಷ್ಟಕ್ಕೇ ಹೆದರ್ತೀಯಾ" ಅಂತ ನಗಬೇಡಿ. ಆನೆ ಗುಟುರು ಹಾಕಿದರೆ ದೊಡ್ಡವರಿಗೇ ಜೀವ ಬಾಯಿಗೆ ಬರುತ್ತದೆ.

ನಾಲ್ಕು ವರ್ಷದವಳಿಗೆ ಬನ್ನೇರುಘಟ್ಟ ಸಾಕು ಅನ್ನೋದು ನನ್ನ ಲೆಕ್ಕ. ಪ್ರಾಣಿ ಕಂಡೇ ಕಾಣುತ್ತದೆ. ಹುಲಿ, ಸಿಂಹ, ಕರಡಿ, 2024ರಿಂದ ಚಿರತೆ ಸಫಾರಿಯೂ ಇದೆ. ಇಲ್ಲೂ ಮಂಗಳವಾರ ರಜೆ. ಭಾನುವಾರ ಹೋಗಿ ಕ್ಯೂನಲ್ಲಿ ನಿಂತು ನಾವು ಹಣ್ಣಾದೆವು, ವಾರದ ದಿನ ನೋಡಿಕೊಳ್ಳಿ. 2025ರಲ್ಲಿ ಅಲ್ಲಿ ಜೀಪಿನ ಕಿಟಕಿ ಹತ್ತಿರ ಕೂತಿದ್ದ ಹುಡುಗನ ಕೈಗೆ ಚಿರತೆ ಪರಚಿದ ಸುದ್ದಿ ನೀವೂ ನೋಡಿರಬಹುದು. ಎಲ್ಲೇ ಹೋಗಿ, ಮಗು ಕಿಟಕಿ ಪಕ್ಕ ಕೂತರೂ ಕೈ ಒಳಗೇ ಇರಲಿ.

ತಿಪಟೂರಿನಿಂದ

ವಾಂತಿ ಮಾಡುವ ಮಗು ಅಂದಿರಲ್ಲ, ಕಾರು ಮನೆಯಲ್ಲಿ ಬಿಟ್ಟು ಶಿವಮೊಗ್ಗ ರೈಲು ಹತ್ತಿ. ತುಮಕೂರಿನಲ್ಲಿ ಹತ್ತಿದರೆ ನೇರ ಶಿವಮೊಗ್ಗ. ಅತ್ತೆಯವರು ಕಾಲು ಚಾಚಿ ಕೂರಬಹುದು, ಚಿಕ್ಕವಳು ಓಡಾಡಬಹುದು. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪ ಹುಲಿ ಸಿಂಹ ಧಾಮ. ಬಸ್ಸಿನಲ್ಲೇ ಸಫಾರಿ, ಮಗನಿಗೆ ಹುಲಿ ಸಿಗುತ್ತದೆ. ಬೇಲಿಯೊಳಗಿನ ಹುಲಿ ಅಂತ ಮೊದಲೇ ಹೇಳಿಬಿಡಿ, ಆಮೇಲೆ ಮೋಸ ಅನ್ನಿಸಬಾರದು. ಮಾರನೇ ಬೆಳಿಗ್ಗೆ ಸಕ್ರೆಬೈಲು ಆನೆ ಬಿಡಾರ. ಒಂಬತ್ತರೊಳಗೆ ಅಲ್ಲಿರಿ. ತುಂಗಾ ಹಿನ್ನೀರಿನಲ್ಲಿ ಮಾವುತರು ಆನೆಗಳ ಮೈ ಉಜ್ಜುವುದನ್ನು ನೋಡಬಹುದು. ಹನ್ನೊಂದರ ಮೇಲೆ ಹೋದರೆ ಆನೆಗಳು ವಾಪಸ್ ಕಾಡಿಗೆ ಹೊರಟಿರುತ್ತವೆ. ಒಂದೇ ತೊಂದರೆ, ದಸರಾ ಸಮಯಕ್ಕೆ ಕೆಲವು ಆನೆ ಶಿವಮೊಗ್ಗ ಮೆರವಣಿಗೆಗೆ ಹೋಗಿರುತ್ತವೆ. ಹಾಗಾದರೆ ಊರಲ್ಲೇ ನೋಡಿ, ಬಿಡಿ.

ಮತ್ತೆ, ಕೇಳಿದವರು: ತುಮಕೂರು, ಬಟವಾಡಿ

ಎಲ್ಲರಿಗೂ ಥ್ಯಾಂಕ್ಸ್. ಈ ಭಾನುವಾರ ಮೇಷ್ಟ್ರ ಮಾತು ಕೇಳಿ ಮೈದನಹಳ್ಳಿಗೆ ಹೋಗಿ ಬಂದೆವು. ಐದಕ್ಕೆ ಎದ್ದು ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಮಗ ಒಂದು ವಾರ ಕಾಗೆ ಹಿಡಿದು ಹಿಡಿದು ಪಕ್ಕದ ಮನೆಯವರು ಏನು ನೋಡ್ತಾನೆ ಅಂತ ಕೇಳುವ ಹಾಗಾಗಿತ್ತು. ಅಷ್ಟೆಲ್ಲಾ ಆಗಿ ಕೃಷ್ಣಮೃಗ ಮೊದಲು ನೋಡಿದ್ದು ನಮ್ಮ ಅತ್ತೆ. ಕಾರಿನಲ್ಲಿ ಕೂತಲ್ಲೇ, ಬರಿಗಣ್ಣಲ್ಲಿ. "ಅಗೋ, ಕಳ್ಳೆಕಾಯಿ ಹೊಲಕ್ಕೆ ಬರ್ತಿದ್ದವು ಇವೇ" ಅಂದರು. ಅವರ ಊರು ಪಾವಗಡ ಕಡೆ. ವಾಪಸ್ ಬರುವಾಗ ದಾರಿಯುದ್ದಕ್ಕೂ ಮಗ ಅವರನ್ನೇ ಕೇಳುತ್ತಿದ್ದ. ನರಿ ನೋಡಿದ್ದೀರಾ, ತೋಳ ನೋಡಿದ್ದೀರಾ, ಚಿರತೆ ನೋಡಿದ್ದೀರಾ ಅಜ್ಜಿ ಅಂತ.

ದಸರಾಕ್ಕೆ ಶಿವಮೊಗ್ಗ ರೈಲು ಬುಕ್ ಮಾಡಿದ್ದೇವೆ. ಬಂಡೀಪುರ ಏಪ್ರಿಲ್‌ಗೆ, ಮನೆಯವರು ಒಪ್ಪಿದ್ದಾರೆ. ಕಿಟಕಿ ಪಕ್ಕದ ಸೀಟು ಒಂದೇ ಸಿಕ್ಕಿದೆ, ಯಾರಿಗೆ ಅನ್ನೋ ಪಂಚಾಯ್ತಿ ಇನ್ನೂ ಮುಗಿದಿಲ್ಲ.