ರಾಜ್ಯಪಾಲರ ವಿವೇಚನೆಗೆ ಮಿತಿ ಎಲ್ಲಿದೆ?

ಪ್ರಶ್ನೆ

ವಿಧಾನಮಂಡಲ ಒಪ್ಪಿಕೊಂಡ ಮಸೂದೆಗಳು ರಾಜಭವನದಲ್ಲಿ ತಿಂಗಳುಗಟ್ಟಲೆ ಉಳಿದಿವೆ ಎಂಬ ಸುದ್ದಿಯನ್ನು ಒಂದಲ್ಲ ಒಂದು ರಾಜ್ಯದಿಂದ ಓದುತ್ತಲೇ ಇರುತ್ತೇವೆ. ರಾಜ್ಯಪಾಲರು ಸಚಿವ ಸಂಪುಟದ ಸಲಹೆಯಂತೆ ನಡೆಯಬೇಕೆಂದು ಪಠ್ಯದಲ್ಲಿ ಓದಿದ್ದೇವೆ. ಹಾಗಿದ್ದರೆ ಅಂಕಿತವನ್ನೂ ಹಾಕದೆ, ಮಸೂದೆಯನ್ನು ಹಿಂದಿರುಗಿಸದೆ ಸುಮ್ಮನಿರುವ ಅಧಿಕಾರ ಅವರಿಗಿದೆಯೇ? ಸರ್ಕಾರದ ಬಹುಮತದ ವಿಷಯದಲ್ಲಿಯೂ ಅವರದೇ ತೀರ್ಮಾನ ಅಂತಿಮವೇ?

ಉತ್ತರ 1

ಸುಮ್ಮನಿರುವ ಅಧಿಕಾರವನ್ನು ಸಂವಿಧಾನ ಕೊಟ್ಟಿಲ್ಲ. 200ನೇ ವಿಧಿಯಂತೆ ರಾಜ್ಯಪಾಲರು ಅಂಕಿತ ಹಾಕಬಹುದು, ತಡೆಹಿಡಿಯಬಹುದು ಅಥವಾ ರಾಷ್ಟ್ರಪತಿಯವರ ಪರಿಶೀಲನೆಗೆ ಕಾಯ್ದಿರಿಸಬಹುದು. ತಡೆಹಿಡಿಯುವುದಾದರೆ ಮಸೂದೆಯನ್ನು ಸಂದೇಶದೊಂದಿಗೆ ಸದನಕ್ಕೆ ಹಿಂದಿರುಗಿಸಲೇಬೇಕೆಂದು ಪಂಜಾಬ್ ಸರ್ಕಾರ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಹಣಕಾಸು ಮಸೂದೆಯನ್ನು ಮಾತ್ರ ಹೀಗೆ ಹಿಂದಿರುಗಿಸುವಂತಿಲ್ಲ.

ಉತ್ತರ 2

ಮೇಲಿನ ಉತ್ತರ ಸರಿಯಾಗಿದ್ದರೂ ಗಡುವಿನ ಪ್ರಶ್ನೆ ಉಳಿಯುತ್ತದೆ. ತಮಿಳುನಾಡಿನ ಪ್ರಕರಣದಲ್ಲಿ 2025ರ ಏಪ್ರಿಲ್ 8ರಂದು ಇಬ್ಬರು ನ್ಯಾಯಮೂರ್ತಿಗಳ ಪೀಠವು ಕಾಲಮಿತಿಯನ್ನು ನಿಗದಿಪಡಿಸಿದ್ದಲ್ಲದೆ, ಹತ್ತು ಮಸೂದೆಗಳಿಗೆ ಅಂಕಿತ ದೊರೆತಂತೆಯೇ ಎಂದು ಘೋಷಿಸಿತು. ರಾಷ್ಟ್ರಪತಿಯವರು ಅಭಿಪ್ರಾಯ ಕೋರಿದ ಬಳಿಕ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಅದೇ ವರ್ಷ ನವೆಂಬರ್ 20ರಂದು, ನ್ಯಾಯಾಲಯ ಹೀಗೆ ಗಡುವು ವಿಧಿಸುವುದಾಗಲಿ ಅಂಕಿತ ದೊರೆತಿದೆಯೆಂದು ಭಾವಿಸುವುದಾಗಲಿ ಸಲ್ಲದು ಎಂದಿತು. ಆದರೆ ಕಾರಣವಿಲ್ಲದ ದೀರ್ಘ ವಿಳಂಬವಾದಾಗ, ಸಮಂಜಸ ಅವಧಿಯೊಳಗೆ ತೀರ್ಮಾನ ಕೈಗೊಳ್ಳಿ ಎಂದಷ್ಟೇ ನಿರ್ದೇಶಿಸಲು ಅವಕಾಶವನ್ನು ಉಳಿಸಿತು. ನನ್ನ ಮಟ್ಟಿಗೆ ಇದು ಸಾಲದು. ಪ್ರತಿ ಮಸೂದೆಗೂ ದೆಹಲಿಯ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ ಜನರು ಆರಿಸಿದ ಸದನದ ಮಾತಿಗೆ ತೂಕವೆಲ್ಲಿ ಉಳಿಯುತ್ತದೆ? 200ನೇ ವಿಧಿಗೆ ತಿದ್ದುಪಡಿ ತಂದು ಸಂಸತ್ತೇ ಕಾಲಮಿತಿಯನ್ನು ಬರೆಯಬೇಕು.

ಉತ್ತರ 3

ಎರಡನೆಯ ಪ್ರಶ್ನೆಗೆ ನಮ್ಮ ರಾಜ್ಯವೇ ಉತ್ತರ ಕೊಟ್ಟಿದೆ. 1989ರ ಏಪ್ರಿಲ್‌ನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳನ್ನು ಆಧರಿಸಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರು ರಾಷ್ಟ್ರಪತಿಯವರಿಗೆ ವರದಿ ಕಳುಹಿಸಿದರು. ಅವರಲ್ಲಿ ಏಳು ಮಂದಿ ತಮ್ಮ ಪತ್ರಗಳಿಂದ ಹಿಂದೆ ಸರಿದರು. ಸದನದಲ್ಲಿ ಬಹುಮತ ತೋರಿಸುತ್ತೇನೆಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಕೇಳಿಕೊಂಡರೂ ಅವಕಾಶ ದೊರೆಯಲಿಲ್ಲ. ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿಯೇ ಹೊರತು ರಾಜ್ಯಪಾಲರ ಸ್ವಂತ ಅಂದಾಜಿನಲ್ಲಲ್ಲ ಎಂದು ಸ್ಪಷ್ಟಪಡಿಸಿತು. ಬೊಮ್ಮಾಯಿಯವರ ಸರ್ಕಾರಕ್ಕೆ ಆ ತೀರ್ಪು ತಡವಾಗಿ ಬಂತು, ಆದರೆ ಮುಂದಿನವರಿಗೆ ಆಸರೆಯಾಯಿತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ಸಾಬೀತುಪಡಿಸಲು ರಾಜ್ಯಪಾಲರು ಹದಿನೈದು ದಿನ ಕೊಟ್ಟಿದ್ದರು. ಮೇ 19ರಂದೇ ವಿಶ್ವಾಸಮತ ಯಾಚಿಸಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತು, ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ನೀಡಿದರು.