ಬಾಯಿಗೆ ಗ್ಯಾಗ್: ಯಾವುದು ತಗೊಳ್ಳಬೇಕು, ಏನೇನು ಜೋಪಾನ ಮಾಡಬೇಕು?

ತುಂಗೆ ದಡ ಕೇಳಿದ್ದು:

ನನಗೆ 34 ವರ್ಷ, ನಮ್ಮನೆಯವರಿಗೆ 38. ಮದುವೆಯಾಗಿ ಒಂಬತ್ತು ವರ್ಷ ಆಯಿತು. ಕೈ ಕಟ್ಟುವ ಆಟ ನಮಗೆ ಹೊಸದಲ್ಲ. ಮೆತ್ತನೆಯ ದುಪಟ್ಟಾ, ಸಡಿಲ ಗಂಟು, ಇಷ್ಟರಲ್ಲೇ ಎರಡು ವರ್ಷ ಖುಷಿಯಾಗಿ ಕಳೆದಿದ್ದೇವೆ. ಈಗ ಗ್ಯಾಗ್, ಅಂದರೆ ಮಾತಾಡಲು ಆಗದ ಹಾಗೆ ಬಾಯಿಗೆ ಕಟ್ಟುವ ಸಾಧನ, ಹಾಕಿ ನೋಡೋಣ ಅಂತ ಇಬ್ಬರಿಗೂ ಆಸೆ. ಹಾಕಿಕೊಳ್ಳುವವಳು ನಾನು, ಮೊದಲು ಬಾಯಿಬಿಟ್ಟು ಕೇಳಿದವಳೂ ನಾನೇ.

ಆನ್‌ಲೈನಲ್ಲಿ ಹುಡುಕಿದರೆ ಗುಂಡಗಿನದ್ದು, ತೂತಿರುವುದು, ಕೋಲಿನ ಥರದ್ದು ಅಂತ ಏನೇನೋ ಬರುತ್ತದೆ. ದುಡ್ಡು ಕೊಟ್ಟು ಯಾಕೆ ತರಿಸಬೇಕು, ಕರ್ಚೀಫು ಬಾಯಿಗಿಟ್ಟು ಮೇಲೆ ಟೇಪ್ ಅಂಟಿಸಿದರೆ ಸಾಕಲ್ವಾ ಅಂತ ಅವರು ಕೇಳುತ್ತಿದ್ದಾರೆ. ನನಗೆ ಯಾಕೋ ಧೈರ್ಯ ಬರುತ್ತಿಲ್ಲ.

ಇನ್ನೂ ಎರಡು ವಿಷಯ ಹೇಳಿಬಿಡುತ್ತೇನೆ. ಪಕ್ಕದ ಕೋಣೆಯಲ್ಲಿ ಅತ್ತೆ ಮಾವ ಮಲಗುತ್ತಾರೆ. ಸದ್ದು ಹೊರಗೆ ಹೋಗದಿದ್ದರೆ ನನಗೂ ನಿರಾಳ. ಆಮೇಲೆ, ಆಕಳಿಸುವಾಗ ನನ್ನ ಬಲಗಡೆ ದವಡೆ ಲಟಕ್ ಅನ್ನುತ್ತದೆ. ನೋವೇನೂ ಇಲ್ಲ. ಇದರಿಂದ ತೊಂದರೆ ಆಗುತ್ತದಾ?

ಎರಡು ಲೋಟ ಕಾಫಿ ಬರೆದದ್ದು:

ನಿಮಗೆ ಧೈರ್ಯ ಬರದೇ ಇದ್ದದ್ದೇ ಒಳ್ಳೆಯದಾಯಿತು. ಕರ್ಚೀಫು, ಟೇಪ್ ಎರಡನ್ನೂ ಮರೆತುಬಿಡಿ. ಬಟ್ಟೆ ಎಂಜಲು ಹೀರಿ ಭಾರವಾಗುತ್ತದೆ, ಮುದ್ದೆಯಾಗುತ್ತದೆ. ನಾಲಿಗೆ ಒಂದು ಸಲ ಆ ಕಡೆ ಈ ಕಡೆ ಆಡಿದರೆ ಸಾಕು, ಗಂಟಲಿಗೆ ಜಾರಬಹುದು. ಆಗ ಓಕರಿಕೆ ಬರುತ್ತದೆ. ಬಾಯಿಗೆ ಟೇಪ್ ಇದ್ದರೆ ವಾಂತಿ ಹೊರಗೆ ಬರಲು ದಾರಿಯೇ ಇಲ್ಲ, ಶ್ವಾಸಕೋಶಕ್ಕೆ ಇಳಿಯುತ್ತದೆ. ಜೀವ ಹೋಗಲು ಇಷ್ಟು ಸಾಕು. ಬಾಯೊಳಗೆ ಬಿಡಿಯಾಗಿರುವ ಯಾವ ವಸ್ತುವೂ ಬೇಡ. ಒಳಗಿರುವುದು ಹೊರಗಿನ ಪಟ್ಟಿಗೆ ಭದ್ರವಾಗಿ ಸೇರಿಕೊಂಡಿರಬೇಕು.

ಸದ್ದಿನ ವಿಷಯಕ್ಕೆ ಬರುತ್ತೇನೆ. ಗ್ಯಾಗ್ ಹಾಕಿದರೆ ಸದ್ದು ನಿಲ್ಲುವುದಿಲ್ಲ. ಮಾತು ತೊದಲುತ್ತದೆ, ಅಷ್ಟೇ. ದನಿ ಗಂಟಲಿನಿಂದ ಹೊರಟು ಮೂಗಿನಿಂದಲೂ ಬರುತ್ತದೆ. ಪೂರ್ತಿ ಸದ್ದಡಗಿಸಬೇಕು ಅಂತ ಹೊರಟವರೇ ದೊಡ್ಡ ಗುಂಡು, ಜಾಸ್ತಿ ಬಟ್ಟೆ, ಬಿಗಿ ಪಟ್ಟಿ ಅಂತ ಅಪಾಯದ ಕಡೆ ಹೋಗುವುದು. ಅತ್ತೆ ಮಾವ ಊರಿಗೆ ಹೋದ ದಿನ ನೋಡಿಕೊಂಡು ಆಡಿ. ಸದ್ದಿಗೋಸ್ಕರ ಗ್ಯಾಗ್ ತರಿಸಬೇಡಿ, ಆಸೆಗೋಸ್ಕರ ತರಿಸಿ.

ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ನಮ್ಮಲ್ಲಿ ಗ್ಯಾಗ್ ಹಾಕಿಕೊಳ್ಳುವವರು ಯಜಮಾನರು. ಮೊದಲ ಸಲ ಅಳತೆ ನೋಡದೆ ತರಿಸಿದ್ದೆ. ರಬ್ಬರಿನದ್ದು, ಡಬ್ಬ ತೆರೆದರೆ ಸೈಕಲ್ ಟ್ಯೂಬಿನ ವಾಸನೆ, ಗುಂಡು 50 ಮಿಲಿಮೀಟರ್. ನಿಲ್ಲಿಸಬೇಕು ಅನಿಸಿದರೆ "ಕೆಂಪು" ಅನ್ನಬೇಕು ಅಂತ ನಮ್ಮಿಬ್ಬರಲ್ಲಿ ಮಾತಾಗಿತ್ತು. ಬಾಯಿ ತುಂಬಿದಾಗ ಕೆಂಪು ಅನ್ನುವುದು ಹೇಗೆ? ಅದು ನನ್ನ ತಲೆಗೇ ಹೋಗಲಿಲ್ಲ. ಅವರು ಊಂ ಊಂ ಅಂದದ್ದನ್ನು ನಾನು ಖುಷಿ ಅಂದುಕೊಂಡೆ. ಅವರು ಸಾಕು ಅನ್ನುತ್ತಿದ್ದರು. ಕಣ್ಣಲ್ಲಿ ನೀರು ನೋಡಿದ ಮೇಲೇ ನನಗೆ ಗೊತ್ತಾದದ್ದು. ಎರಡು ದಿನ ಅವರಿಗೆ ರೊಟ್ಟಿ ಅಗಿಯಲು ಆಗಲಿಲ್ಲ. ಆರು ವರ್ಷ ಆಯಿತು, ಆ ಊಂ ಊಂ ಈಗಲೂ ನನ್ನ ಕಿವಿಯಲ್ಲಿದೆ.

ಅವತ್ತಿನಿಂದ ನಮ್ಮ ನಿಯಮ ಒಂದೇ. ಮಾತು ಕಿತ್ತುಕೊಳ್ಳುವ ಮೊದಲು ಮಾತಿನ ಬದಲು ಇನ್ನೊಂದನ್ನು ಕೈಗೆ ಕೊಡಬೇಕು. ನಾವು ಬೀಗದ ಕೈ ಗೊಂಚಲು ಕೊಡುತ್ತೇವೆ. ಕೈ ಕಟ್ಟಿದ್ದರೂ ಬೆರಳು ಬಿಟ್ಟರೆ ಕೆಳಗೆ ಬೀಳುತ್ತದೆ. ಕೆಳಗೆ ಚಾಪೆ ಇದ್ದರೆ ಕೇಳಿಸುವುದಿಲ್ಲ, ಅದಕ್ಕೆ ಸ್ಟೀಲ್ ತಟ್ಟೆ ಇಡುತ್ತೇನೆ. ಗಂಟೆ ಬಾರಿಸುವುದಕ್ಕಿಂತ ಬೀಳಿಸುವುದು ಯಾಕೆ ಮೇಲು ಅಂದರೆ, ಬಾರಿಸಲು ಶಕ್ತಿ ಬೇಕು. ತಲೆಸುತ್ತು ಬಂದು ಕೈ ಸೋತರೂ ಗೊಂಚಲು ತಾನೇ ಬೀಳುತ್ತದೆ. ಇದರ ಜೊತೆಗೆ ಮೂರು ಸಲ ಬಿಟ್ಟು ಬಿಟ್ಟು ಊಂ, ಊಂ, ಊಂ ಅಂದರೂ ನಿಲ್ಲಿಸು ಅಂತಲೇ ಅರ್ಥ. ಸದ್ದಾದ ತಕ್ಷಣ ಬಿಚ್ಚಬೇಕು. ಯಾಕೆ, ಏನಾಯಿತು ಅಂತ ಆಮೇಲೆ ಕೇಳಿದರಾಯಿತು.

ತಗೊಳ್ಳುವುದಾದರೆ ಸಿಲಿಕೋನ್ ತಗೊಳ್ಳಿ. ಒತ್ತಿದರೆ ಸ್ವಲ್ಪ ಒಳಗೆ ಹೋಗುವಂಥ ಮೆತ್ತನೆಯದ್ದು. ಗುಂಡಿನದ್ದೇ ಬೇಕು ಅಂದರೆ 38 ಮಿಲಿಮೀಟರ್‌ಗಿಂತ ದೊಡ್ಡದು ಬೇಡ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 45 ಕೂಡ ಹೊಸಬರಿಗೆ ಜಾಸ್ತಿಯೇ. ತೂತಿರುವ ಗುಂಡಿನಲ್ಲಿ ಗಾಳಿ ಆಡುತ್ತದೆ ನಿಜ, ಆದರೆ ಆ ತೂತನ್ನು ನಂಬಿ ಕೂರಬೇಡಿ. ಉಸಿರಾಟ ಮೂಗಿನಲ್ಲಿ ಸರಾಗವಾಗಿ ನಡೆಯಬೇಕು. ಪಟ್ಟಿ ಮತ್ತು ಕೆನ್ನೆಯ ನಡುವೆ ಒಂದು ಬೆರಳು ಆಡಬೇಕು. ಕೂದಲು ಉದ್ದ ಇದ್ದರೆ ತುರುಬು ಕಟ್ಟಿ ಮೇಲಕ್ಕೆತ್ತಿ, ಅವಸರದಲ್ಲಿ ಬಕಲ್‌ಗೆ ಸಿಕ್ಕಿಹಾಕಿಕೊಳ್ಳುತ್ತದೆ. ಎಂಜಲು ಸುರಿಯುತ್ತದೆ, ನುಂಗಲು ಕಷ್ಟ. ಅದರಲ್ಲಿ ನಾಚಿಕೆ ಏನೂ ಇಲ್ಲ, ಒಂದು ಟವಲ್ ಇಟ್ಟುಕೊಳ್ಳಿ. ಅಂಗಾತ ಮಾತ್ರ ಮಲಗಬೇಡಿ, ಎಂಜಲು ಗಂಟಲಿಗೆ ಇಳಿಯುತ್ತದೆ. ಕೂತಿರಿ, ಇಲ್ಲ ಮಗ್ಗುಲಾಗಿ ಮಲಗಿ. ಮೊದಲ ಸಲ ಐದು ನಿಮಿಷ ಸಾಕು. ನಾವು ಇವತ್ತಿಗೂ ಹದಿನೈದು ನಿಮಿಷ ದಾಟಿಸುವುದಿಲ್ಲ.

ಹಲ್ಲಿನ ಡಾಕ್ಟರಮ್ಮ ಬರೆದದ್ದು:

ದವಡೆಯ ಬಗ್ಗೆ ನಾನು ಹೇಳುತ್ತೇನೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಕದಲುವುದೇ ದವಡೆಯ ಕೀಲು. ಲಟಕ್ ಶಬ್ದ ಬಹಳ ಜನರಿಗೆ ಇರುತ್ತದೆ. ನೋವಿಲ್ಲದಿದ್ದರೆ, ಬಾಯಿ ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಬರೀ ಶಬ್ದವನ್ನು ಕಾಯಿಲೆ ಅನ್ನಲಾಗದು. ಆದರೆ ಅಂಥ ದವಡೆಯನ್ನು ಅಗಲ ತೆರೆದು ಹಾಗೇ ಹಿಡಿದಿಡುವುದು ಒಳ್ಳೆಯದಲ್ಲ. ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ ಒಂದರ ಮೇಲೊಂದು ಬರುವ ಹಾಗೆ ಇಟ್ಟು ನೋಡಿ. ಸಲೀಸಾಗಿ ಹೋದರೆ ಬಾಯಿ ಸಾಕಷ್ಟು ತೆರೆಯುತ್ತದೆ ಅಂತ. ಎರಡಕ್ಕೇ ನಿಂತರೆ, ನೋವಾದರೆ, ಗ್ಯಾಗ್ ವಿಚಾರ ಬಿಟ್ಟು ಮೊದಲು ದವಡೆ ತೋರಿಸಿ. ಯಾಕೆ ಕೇಳುತ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಬೇಕಾಗಿಯೇ ಇಲ್ಲ.

ಮೂರು ಬೆರಳು ಹೋಯಿತು ಅಂದುಕೊಳ್ಳಿ. ಆಗಲೂ ನಿಮಗೆ ಗುಂಡಿಗಿಂತ ಬಿಟ್ ಗ್ಯಾಗ್ ಮೇಲು. ಕುದುರೆಯ ಕಡಿವಾಣದ ಥರ ಹಲ್ಲುಗಳ ನಡುವೆ ಅಡ್ಡಕ್ಕೆ ಬರುವ ತೆಳ್ಳನೆ ಕೋಲು ಅದು. ಬಾಯಿ ಅಷ್ಟೊಂದು ತೆರೆಯಬೇಕಿಲ್ಲ, ಪಕ್ಕದಲ್ಲಿ ಗಾಳಿಗೂ ಜಾಗ ಇರುತ್ತದೆ. ಸಿಲಿಕೋನಿನದ್ದೇ ಇರಲಿ, ಮರ ಅಥವಾ ಲೋಹದ್ದು ಕಚ್ಚಿದರೆ ಹಲ್ಲು ಚಕ್ಕೆ ಏಳಬಹುದು. ತೆಗೆದಿಡುವ ಹಲ್ಲಿನ ಸೆಟ್ ಇದ್ದವರು, ಸಡಿಲ ಕ್ಯಾಪ್ ಇದ್ದವರು, ಹಲ್ಲಿಗೆ ತಂತಿ ಹಾಕಿಸಿಕೊಂಡವರು ಇದಕ್ಕೆ ಕೈ ಹಾಕಬಾರದು. ಎಂದಾದರೂ ಬಾಯಿ ತೆರೆದದ್ದು ಮುಚ್ಚದೇ ನಿಂತರೆ ಮನೆಯಲ್ಲಿ ಒತ್ತಿ ಕೂರಿಸಲು ಹೋಗಬೇಡಿ. ಸೀದಾ ಆಸ್ಪತ್ರೆಗೆ ಹೋಗಿ. ಅಲ್ಲಿ ಕೀಲನ್ನು ಮತ್ತೆ ಜಾಗಕ್ಕೆ ಕೂರಿಸುತ್ತಾರೆ.

ಸಂಜೆ ಗಾಳಿ ಬರೆದದ್ದು:

ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ಬಿಚ್ಚುವವನ ಕಡೆಯಿಂದ ನಾನು ಸ್ವಲ್ಪ ಸೇರಿಸುತ್ತೇನೆ. ನಿಮ್ಮ ಯಜಮಾನರಿಗೂ ಓದಿ ಹೇಳಿ.

ಅವತ್ತು ನೆಗಡಿ ಇದೆಯಾ, ಮೂಗು ಕಟ್ಟಿದೆಯಾ ಅಂತ ಪ್ರತಿ ಸಲ ಕೇಳಬೇಕು. ನನ್ನ ಹೆಂಡತಿಗೆ ಧೂಳಿನ ಅಲರ್ಜಿ. ಐದು ನಿಮಿಷ ಬಾಯಿ ಮುಚ್ಚಿ ಬರೀ ಮೂಗಲ್ಲಿ ಉಸಿರಾಡಿ ಸರಿ ಅಂದರೆ ಮಾತ್ರ ಆಟ. ಆಸ್ತಮಾ ಇದ್ದರೆ ಬೇಡ. ಇಬ್ಬರಲ್ಲಿ ಯಾರು ಕುಡಿದಿದ್ದರೂ ಬೇಡ. ಹೊಟ್ಟೆ ತುಂಬ ಉಂಡ ತಕ್ಷಣವೂ ಬೇಡ. ಗ್ಯಾಗ್ ಬಾಯಲ್ಲಿ ಇರುವವರೆಗೆ ಅವರನ್ನು ಬಿಟ್ಟು ಒಂದು ಹೆಜ್ಜೆ ಆಚೆ ಹೋಗಬಾರದು. ಕಾಲಿಂಗ್ ಬೆಲ್ ಆಯಿತು ಅಂದರೆ ಮೊದಲು ಗ್ಯಾಗ್ ಬಿಚ್ಚಿ, ಆಮೇಲೆ ಬಾಗಿಲು. ಬೀಗ ಹಾಕುವ ಬಕಲ್ ತಗೊಳ್ಳಬೇಡಿ. ಪಟ್ಟಿ ಕತ್ತರಿಸಲು ಮೊಂಡು ತುದಿಯ ಕತ್ತರಿ ಕೈಗೆಟುಕುವ ಹಾಗೆ ಇರಲಿ. ಬ್ಯಾಂಡೇಜ್ ಕತ್ತರಿಸುವ ಕತ್ತರಿ ಮೆಡಿಕಲ್ ಸ್ಟೋರಿನಲ್ಲಿ ಸಿಗುತ್ತದೆ. ನಾನು ಕಣ್ಣು ಮುಚ್ಚಿ ಬಕಲ್ ಬಿಚ್ಚುವುದನ್ನು ನನ್ನ ತೊಡೆಗೇ ಕಟ್ಟಿಕೊಂಡು ಕಲಿತೆ.

ದೇಹ ಸರಿ ಇದ್ದರೂ ಮನಸ್ಸು ಬೇಡ ಅನ್ನಬಹುದು. ಒಂದು ರಾತ್ರಿ ನನ್ನ ಹೆಂಡತಿ ಸುಮ್ನೆ ಅಳಲು ಶುರು ಮಾಡಿದಳು. ಅಳುವಾಗ ಮೂಗು ಕಟ್ಟುತ್ತದೆ, ಅದು ನೆನಪಿರಲಿ. ಬಿಚ್ಚಿ, ನೀರು ಕೊಟ್ಟು, ಅಪ್ಪಿಕೊಂಡು ಕೂತೆವು. ಕಾರಣ ಅವಳಿಗೂ ಗೊತ್ತಿರಲಿಲ್ಲ. ಕಾರಣ ಬೇಕಾಗಿಯೂ ಇರಲಿಲ್ಲ.

ತುಂಗೆ ದಡ ಮತ್ತೆ ಬರೆದದ್ದು:

ಮೂರು ವಾರ ಆಯಿತು. ಎಲ್ಲರಿಗೂ ಮನಸ್ಸಿನಿಂದ ಥ್ಯಾಂಕ್ಸ್. ಮೂರು ಬೆರಳು ಸಲೀಸಾಗಿ ಹೋಯಿತು, ಆದರೂ ಬಿಟ್ ಗ್ಯಾಗೇ ತರಿಸಿದೆವು. ಸಿಲಿಕೋನ್ ಕೋಲು, ಚರ್ಮದ ಪಟ್ಟಿ. ಭಾನುವಾರ ಮಧ್ಯಾಹ್ನ, ಅತ್ತೆ ಮಾವ ಮದುವೆಗೆ ಹೋಗಿದ್ದರು. ಮೊದಲ ಸಲ ಕೈ ಕಟ್ಟಲಿಲ್ಲ, ಬೇರೇನೂ ಮಾಡಲಿಲ್ಲ, ಸುಮ್ಮನೆ ಕೂತು ಹಾಕಿ ನೋಡಿದೆವು. ಕೈಯಲ್ಲಿ ನನ್ನ ಭರತನಾಟ್ಯದ ಹಳೇ ಗೆಜ್ಜೆ. ನಾಲ್ಕನೇ ನಿಮಿಷಕ್ಕೆ ಬೇಕಂತಲೇ ಬೀಳಿಸಿದೆ. ನನಗೆ ಏನೂ ಆಗಿರಲಿಲ್ಲ. ಅವರು ಏನು ಮಾಡುತ್ತಾರೆ ಅಂತ ನೋಡಬೇಕಿತ್ತು. ಗೆಜ್ಜೆ ಸದ್ದು ನಿಲ್ಲುವ ಮೊದಲೇ ಅವರ ಕೈ ಬಕಲ್ ಮೇಲಿತ್ತು. ಆಮೇಲೆ ನನಗೆ ಒಂದು ಚೂರೂ ಭಯ ಇಲ್ಲ. ಈಗ ಇದನ್ನು ತೊಳೆಯುವುದು ಹೇಗೆ?

ಎರಡು ಲೋಟ ಕಾಫಿ ಬರೆದದ್ದು:

ಓದಿ ಕಣ್ಣು ತುಂಬಿತು ತಂಗಿ. ಪ್ರತಿ ಸಲ ಆದ ಮೇಲೆ ಬೆಚ್ಚಗಿನ ನೀರು, ಸೌಮ್ಯ ಸೋಪು, ಒಂದು ಮೆತ್ತನೆಯ ಹಲ್ಲುಜ್ಜುವ ಬ್ರಷ್. ಕೋಲು ಪಟ್ಟಿಗೆ ಸೇರುವ ಸಂದಿಯಲ್ಲಿ ಎಂಜಲು ಒಣಗಿರುತ್ತದೆ, ಅಲ್ಲಿ ಚೆನ್ನಾಗಿ ಉಜ್ಜಿ. ಬರೀ ಸಿಲಿಕೋನ್ ಆದರೆ ಕುದಿಸಬಹುದು, ನಿಮ್ಮದರಲ್ಲಿ ಚರ್ಮ ಇದೆ, ಕುದಿಸಬೇಡಿ. ಚರ್ಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಬಟ್ಟೆ ಚೀಲದಲ್ಲಿಡಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಹಾಕುವ ಮೊದಲು ಬೆಳಕಿಗೆ ಹಿಡಿದು ಕೋಲನ್ನು ಬಗ್ಗಿಸಿ ನೋಡಿ. ಹಲ್ಲಿನ ಗುರುತು ಇದ್ದರೆ ಪರವಾಗಿಲ್ಲ. ಸೀಳು ಬಿಟ್ಟಿದ್ದರೆ ಅವತ್ತೇ ಎಸೆಯಿರಿ, ಚೂರು ಕಿತ್ತು ಗಂಟಲಿಗೆ ಹೋಗಬಹುದು.